ಮಳೆ ಹಂಚಿದ್ದು ಬೆಟ್ಟ, ಸಾವು ಹಂಚಿದ್ದು ಯಾರು?

ಜುಲೈ ತಿಂಗಳ ಒಂದು ರಾತ್ರಿ, ಒಂಬತ್ತರ ಬುಲೆಟಿನ್. ಆಗುಂಬೆಯಲ್ಲಿ ನಮ್ಮ ವರದಿಗಾರ ಕೊಡೆ ಹಿಡಿದು ನಿಂತಿದ್ದಾರೆ. ಕೊಡೆ ಗಾಳಿಗೆ ಉಲ್ಟಾ ಆಗ್ತಾ ಇದೆ. ಅವರು ಏನು ಹೇಳ್ತಿದ್ದಾರೆ ಅಂತ ಸ್ಟುಡಿಯೋದಲ್ಲಿ ಯಾರಿಗೂ ಕೇಳಿಸ್ತಿಲ್ಲ. ಆದರೆ ದೃಶ್ಯ ಚೆನ್ನಾಗಿದೆ, ಹಾಗಾಗಿ ಪ್ರೊಡ್ಯೂಸರ್ ಕಟ್ ಮಾಡ್ತಾ ಇಲ್ಲ. ಸ್ಕ್ರೀನ್ ತುಂಬಾ ದಪ್ಪಕ್ಷರ: ‘ಮಳೆಯ ಅಬ್ಬರಕ್ಕೆ ರಾಜ್ಯ ತತ್ತರ’. ನಾನೂ ಅದನ್ನೇ ಏರುದನಿಯಲ್ಲಿ ಮೂರು ಸಲ ಹೇಳಿದೆ.

ಬುಲೆಟಿನ್ ಮುಗಿಸಿ ಮೇಕಪ್ ತೆಗೀತಾ ಇದ್ದೆ. ಫೋನ್ ಬಂತು. ಚಳ್ಳಕೆರೆ ಕಡೆಯಿಂದ ನಮ್ಮ ದೊಡ್ಡಪ್ಪ.

“ಏನಪ್ಪಾ, ರಾಜ್ಯ ತತ್ತರ ಅಂತ ಬಡ್ಕೊಂಡೆ. ನಮ್ಮೂರು ಯಾವ ರಾಜ್ಯದಾಗೈತೆ? ಇಲ್ಲಿ ಶೇಂಗಾ ಬಿತ್ತಾಕೆ ನೆಲ ನೆನೆದಿಲ್ಲ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಳ್ಳಕೆರೆಯಲ್ಲಿ ಮಳೆ ಇಲ್ಲ ಅನ್ನೋ ಸುದ್ದಿ ಇತ್ತು. ಎಲ್ಲಿತ್ತು? ಸ್ಕ್ರೀನ್ ತಳದಲ್ಲಿ ಓಡುವ ಪಟ್ಟಿಯಲ್ಲಿ, ಬೆಳ್ಳಿಯ ದರ ಮತ್ತು ಯಾವುದೋ ಸಿನಿಮಾದ ಟೀಸರ್ ನಡುವೆ.

ಆ ರಾತ್ರಿ ಮನೆಗೆ ಹೋದವನು ನಕ್ಷೆ ತೆಗೆದು ಕೂತೆ. ಇವತ್ತಿನ ಈ ಮಾತು ಆ ನಕ್ಷೆಯಿಂದ ಶುರುವಾಗಿದ್ದು. ಇದು ಹವಾಮಾನ ವರದಿ ಅಂದ್ಕೋಬೇಡಿ. ಸುಮಾರು 150 ವರ್ಷದ ಹಿಂದೆ ಇದೇ ನೆಲದಲ್ಲಿ ಲಕ್ಷಾಂತರ ಜನ ಸತ್ತ ಕಥೆ ಇದು.

ಮೊದಲು ಎರಡು ಊರು ನೋಡಿ. ಒಂದು ಆಗುಂಬೆ, ಇನ್ನೊಂದು ಚಳ್ಳಕೆರೆ. ನಕ್ಷೆ ಮೇಲೆ ನೇರ ಗೆರೆ ಎಳೆದರೆ ನಡುವೆ 200 ಕಿಲೋಮೀಟರೂ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಚಳ್ಳಕೆರೆಯಲ್ಲಿ 500 ಮಿಲಿಮೀಟರ್ ಆಸುಪಾಸು. ಮಿಲಿಮೀಟರ್ ಅಂದ್ರೆ ತಲೆಗೆ ಹೋಗಲ್ಲ ಅಲ್ವಾ? ಹೀಗೆ ಅಂದ್ಕೊಳ್ಳಿ. ವರ್ಷವಿಡೀ ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನಿಂತಲ್ಲೇ ನಿಂತಿತು ಅಂತಿಟ್ಟುಕೊಂಡರೆ ಆಗುಂಬೆಯಲ್ಲಿ ಎರಡಂತಸ್ತಿನ ಮನೆ ಮುಳುಗುತ್ತೆ. ಚಳ್ಳಕೆರೆಯಲ್ಲಿ ನಿಮ್ಮ ಮೊಣಕಾಲು ಮುಳುಗುತ್ತೆ. ಎರಡೂ ಕಡೆ ಕನ್ನಡ, ಎರಡೂ ಕಡೆ ಒಂದೇ ಮುಂಗಾರು.

ಯಾಕೆ ಹೀಗೆ? ನಾನು ಓದಿದ್ದು ಇಂಜಿನಿಯರಿಂಗ್, ಆದ್ದರಿಂದ ಈ ಭಾಗ ನನಗೆ ಇಷ್ಟ. ಎರಡು ನಿಮಿಷ ಸಹಿಸಿಕೊಳ್ಳಿ.

ಜೂನ್‌ನಲ್ಲಿ ಅರಬ್ಬಿ ಸಮುದ್ರದಿಂದ ನೀರಿನಾವಿ ತುಂಬಿದ ಗಾಳಿ ನೈಋತ್ಯ ದಿಕ್ಕಿನಿಂದ ಬರುತ್ತೆ. ಕರಾವಳಿ ದಾಟುತ್ತಿದ್ದಂತೆ ಎದುರಿಗೆ ಪಶ್ಚಿಮ ಘಟ್ಟ. ಉತ್ತರದ ತಾಪಿ ನದಿಯ ಹತ್ತಿರದಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿಲೋಮೀಟರ್ ಉದ್ದದ ಗೋಡೆ ಅದು. ಗಾಳಿಗೆ ಬೇರೆ ದಾರಿ ಇಲ್ಲ, ಮೇಲೆ ಹತ್ತಲೇಬೇಕು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ನಮ್ಮ ಬಸ್ಸು ತಿರುವು ತಿರುವಿಗೂ ಏದುಸಿರು ಬಿಡುತ್ತಲ್ಲ, ಅದೇ ದಾರಿಯಲ್ಲಿ ಗಾಳಿಯೂ 600 ಮೀಟರಿಗೂ ಹೆಚ್ಚು ಮೇಲೇರುತ್ತೆ. ಮೇಲೇರಿದಂತೆ ಗಾಳಿ ಹಿಗ್ಗುತ್ತೆ, ಹಿಗ್ಗಿದಂತೆ ತಣ್ಣಗಾಗುತ್ತೆ. ತಣ್ಣಗಿನ ಗಾಳಿಗೆ ಅಷ್ಟು ಆವಿ ಹೊರುವ ಶಕ್ತಿ ಇಲ್ಲ. ಹೊತ್ತಿದ್ದನ್ನು ಇಳಿಸಲೇಬೇಕು. ಇಳಿಸುವುದು ಆಗುಂಬೆ ಮೇಲೆ, ಹುಲಿಕಲ್ ಮೇಲೆ, ಭಾಗಮಂಡಲದ ಮೇಲೆ.

ಘಟ್ಟ ದಾಟಿದ ಗಾಳಿ ಪೂರ್ವಕ್ಕೆ ಇಳಿಯುತ್ತೆ. ಇಳಿಯುವಾಗ ಇದರ ಉಲ್ಟಾ ಕೆಲಸ. ಒತ್ತಡ ಹೆಚ್ಚುತ್ತೆ, ಗಾಳಿ ಬಿಸಿಯಾಗುತ್ತೆ, ಇರುವ ಅಲ್ಪಸ್ವಲ್ಪ ಮೋಡವೂ ಕರಗುತ್ತೆ. ಚಳ್ಳಕೆರೆಗೆ ಬರುವ ಹೊತ್ತಿಗೆ ಅದು ಬರೀ ಗಾಳಿ. ಚಿತ್ರದುರ್ಗದಲ್ಲಿ ಇವತ್ತು ಗಾಳಿಯಂತ್ರಗಳು ಸಾಲಾಗಿ ತಿರುಗುತ್ತವಲ್ಲ, ಅವು ತಿರುಗುವುದು ಮಳೆ ಇಳಿಸಿ ಬಂದ ಇದೇ ಮುಂಗಾರು ಗಾಳಿಗೆ. ಭೂಗೋಳದ ಪುಸ್ತಕದಲ್ಲಿ ಇಂಥ ನಾಡಿಗೆ ಮಳೆ ನೆರಳಿನ ಪ್ರದೇಶ ಅಂತಾರೆ. ನೆರಳು ಅಂದ್ರೆ ತಂಪು ಅನ್ನೋ ನಮಗೆ ಈ ನೆರಳು ಮಾತ್ರ ಸುಡುತ್ತೆ.

ಹಾಗಾಗಿ ನಮ್ಮ ಕಡೆಯ ರೈತರ ಕ್ಯಾಲೆಂಡರೇ ಬೇರೆ. ಮಲೆನಾಡಿನವರಿಗೆ ಆರಿದ್ರಾ, ಪುನರ್ವಸು, ಪುಷ್ಯ ಮಳೆ ಅಂದ್ರೆ ಅಬ್ಬರ. ನಮ್ಮ ದೊಡ್ಡಪ್ಪ ಕಾಯುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗೆ. ಸೆಪ್ಟೆಂಬರ್, ಅಕ್ಟೋಬರ್. ಅವು ಕೈಕೊಟ್ಟರೆ ವರ್ಷ ಮುಗೀತು.

ಈಗ ಇತಿಹಾಸಕ್ಕೆ ಬನ್ನಿ. ಈ ಒಂದು ಗೋಡೆ ಎರಡು ಥರದ ಬದುಕನ್ನೇ ಕಟ್ಟಿಬಿಡ್ತು. ಘಟ್ಟದ ಮಳೆ ಕಾಳುಮೆಣಸು ಬೆಳೆಯಿತು. ಮೆಣಸು ಪೋರ್ಚುಗೀಸರನ್ನು ಕರೆತಂತು. 16ನೇ ಶತಮಾನದಲ್ಲಿ ಗೇರುಸೊಪ್ಪೆ ಆಳಿದ ಚೆನ್ನಭೈರಾದೇವಿಯನ್ನು ಅವರು ಕರೆದದ್ದೇ ಮೆಣಸಿನ ರಾಣಿ ಅಂತ. ಮಲೆನಾಡಿನವರ ಚಿಂತೆ, ನೀರನ್ನು ಮನೆಯಿಂದ ಹೊರಗೆ ಹಾಕುವುದು ಹೇಗೆ ಅಂತ. ಇಳಿಜಾರು ಮಾಡು, ಅಗಲ ಸೂರು, ಮಳೆಗಾಲಕ್ಕೆ ಅಟ್ಟದಲ್ಲಿ ಒಣ ಸೌದೆ.

ಬಯಲುಸೀಮೆಯವರ ಚಿಂತೆ, ನೀರನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಅಂತ. ಚಿತ್ರದುರ್ಗದ ಪಕ್ಕದಲ್ಲೇ ಚಂದ್ರವಳ್ಳಿ ಇದೆ. ಅಲ್ಲಿ ಕದಂಬರ ಮಯೂರಶರ್ಮನ ಶಾಸನ ಇದೆ, 4ನೇ ಶತಮಾನದ್ದು. ಒಬ್ಬ ರಾಜ ಬಂಡೆ ಮೇಲೆ ಏನು ಕೆತ್ತಿಸುತ್ತಾನೆ ಹೇಳಿ? ಗೆದ್ದ ಯುದ್ಧ, ಬಿರುದು, ವಂಶ. ಈ ಶಾಸನ ಕೆತ್ತಿಸಿದ್ದು ಒಂದು ಕೆರೆ ಕಟ್ಟಿಸಿದ ವಿಷಯಕ್ಕೆ! ಇನ್ನು ಚಿತ್ರದುರ್ಗದ ಕೋಟೆ ಹತ್ತಿದವರು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ನೋಡಿರ್ತೀರಿ. ಬಂಡೆ ಮೇಲೆ ಬಿದ್ದ ನೀರು ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಇಳಿಯುವ ಏರ್ಪಾಡು ಅದು. ನಾವು ಸೆಲ್ಫಿ ತಗೊಂಡು ಬರ್ತೀವಿ. ಕಟ್ಟಿದವರಿಗೆ ಅದು ಪ್ರಾಣದ ಪ್ರಶ್ನೆ ಆಗಿತ್ತು.

ಇನ್ನೊಂದು ಉಪಾಯ ಇತ್ತು. ರಾಗಿ ಮತ್ತು ಹಗೇವು. ರಾಗಿಗೆ ಕಡಿಮೆ ನೀರು ಸಾಕು, ಮತ್ತೆ ಅದಕ್ಕೆ ಹುಳ ಬೀಳುವುದು ತೀರಾ ಕಡಿಮೆ. ಅಂಗಳದಲ್ಲೋ ಊರ ಬಯಲಲ್ಲೋ ನೆಲದೊಳಗೆ ಆಳದ ಗುಂಡಿ, ಒಳಗೆ ಹುಲ್ಲು, ಅದರೊಳಗೆ ರಾಗಿ, ಬಾಯಿಗೆ ಕಲ್ಲು, ಮೇಲೆ ಮಣ್ಣು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ದೊಡ್ಡಪ್ಪನ ಹಳೇ ಮನೆ ಮುಂದೆ ಇವತ್ತಿಗೂ ಅಂಥದ್ದೊಂದು ಹಗೇವಿನ ಬಾಯಿ ಇದೆ, ಚಪ್ಪಡಿ ಮುಚ್ಚಿ ಅದರ ಮೇಲೆ ಬೈಕ್ ನಿಲ್ಲಿಸ್ತಾರೆ. ಬ್ಯಾಂಕ್ ಇಲ್ಲದ ಕಾಲದ ಬ್ಯಾಂಕ್ ಅದು. ಒಂದು ವರ್ಷ ಮಳೆ ಹೋದರೆ ಹಗೇವು ಕಾಯುತ್ತಿತ್ತು. ಎರಡನೇ ವರ್ಷಕ್ಕೂ ಹಾಗೂ ಹೀಗೂ ಎಳೆಯಬಹುದಿತ್ತು.

ಆಮೇಲೆ ಬಂತು 1876.

ನಮ್ಮ ಹಿರಿಯರು ಅದನ್ನು ಧಾತು ಈಶ್ವರದ ಬರ ಅಂತ ಕರೆದರು. ಧಾತು ಸಂವತ್ಸರ, ಈಶ್ವರ ಸಂವತ್ಸರ, ಎರಡು ವರ್ಷದ ಹೆಸರು ಸೇರಿಸಿ ಒಂದು ಬರದ ಹೆಸರು. 1875ರಲ್ಲೇ ಮಳೆ ಅರೆಬರೆ ಆಗಿತ್ತು. 1876ರಲ್ಲಿ ಮುಂಗಾರೂ ಹೋಯ್ತು, ಹಿಂಗಾರೂ ಹೋಯ್ತು. 1877ರಲ್ಲೂ ಸಮಯಕ್ಕೆ ಬರಲಿಲ್ಲ. ಸಾವಿರಾರು ಮೈಲಿ ದೂರದ ಪೆಸಿಫಿಕ್ ಸಾಗರದಲ್ಲಿ ನೀರು ಬಿಸಿಯಾಗಿತ್ತು. ಇವತ್ತು ನಾವು ಎಲ್ ನಿನೋ ಅಂತೀವಲ್ಲ, ಅದರ ಭಾರೀ ದೊಡ್ಡ ಹೊಡೆತ ಅದು. ಆಗ ಯಾರಿಗೂ ಅದು ಗೊತ್ತಿರಲಿಲ್ಲ. ಭಾರತದ ಹವಾಮಾನ ಇಲಾಖೆ ಶುರುವಾಗಿದ್ದೇ 1875ರಲ್ಲಿ, ಈ ಬರಕ್ಕೆ ಒಂದೇ ವರ್ಷ ಮೊದಲು.

ಆಗ ಮೈಸೂರು ಯಾರ ಕೈಯಲ್ಲಿತ್ತು? 1831ರಿಂದ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿ. ರಾಜ್ಯ ಮತ್ತೆ ಒಡೆಯರ ಕೈಗೆ ಬಂದದ್ದು 1881ರಲ್ಲಿ. ಬರ ಶುರುವಾದಾಗ ರೈಲು ಮದ್ರಾಸಿನಿಂದ ಬೆಂಗಳೂರಿನ ತನಕ ಮಾತ್ರ ಇತ್ತು. ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗದ ಕಡೆಗೆ ಧಾನ್ಯ ಹೋಗಬೇಕಾದರೆ ಎತ್ತಿನ ಗಾಡಿ ಬೇಕು. ಎತ್ತಿಗೆ ಮೇವು ಬೇಕು, ನೀರು ಬೇಕು. ಎರಡೂ ಇಲ್ಲ. ಜನರಿಗಿಂತ ಮೊದಲು ದನ ಸತ್ತವು. ದನ ಸತ್ತ ಮೇಲೆ ಗಾಡಿ ನಿಂತಿತು.

ಈಗ ಎರಡು ಅಂಕಿ ಹೇಳ್ತೀನಿ, ನಿಧಾನಕ್ಕೆ ಓದಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ ಚಿಲ್ಲರೆ. 1881ರ ಜನಗಣತಿಯಲ್ಲಿ 41 ಲಕ್ಷ 86 ಸಾವಿರ ಚಿಲ್ಲರೆ. ಹತ್ತು ವರ್ಷದಲ್ಲಿ ಹೆಚ್ಚಾಗಬೇಕಾದ ಜನ ಎಂಟೂವರೆ ಲಕ್ಷಕ್ಕೂ ಮೀರಿ ಕಡಿಮೆಯಾದರು. ಬರದಲ್ಲಿ ಸತ್ತವರು ಸುಮಾರು ಹತ್ತು ಲಕ್ಷ, ಅಂದರೆ ಐದು ಜನರಲ್ಲಿ ಒಬ್ಬರು ಅನ್ನೋದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ನಿಮ್ಮ ಮನೆಯಲ್ಲಿ ಊಟಕ್ಕೆ ಎಷ್ಟು ಜನ ಕೂರ್ತೀರಿ? ಎಣಿಸಿ ನೋಡಿ.

ಮತ್ತೆ ಸತ್ತವರು ಎಲ್ಲಿಯವರು? ನೆಲಕಚ್ಚಿದ್ದು ಬಯಲುಸೀಮೆಯ ಜಿಲ್ಲೆಗಳು. ಕೋಲಾರ, ತುಮಕೂರು, ಚಿತ್ರದುರ್ಗ. ಮಲೆನಾಡಿಗೆ ಆ ಪ್ರಮಾಣದಲ್ಲಿ ತಟ್ಟಲಿಲ್ಲ. ಇಲ್ಲಿಯವರೆಗೆ ನೋಡಿದರೆ ಕಥೆ ಸರಳ. ಬೆಟ್ಟ ಮಳೆ ತಡೆಯಿತು, ನೆರಳಲ್ಲಿದ್ದವರು ಸತ್ತರು, ವಿಧಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಬಿಹಾರದ ಕಥೆ ಓದುವ ತನಕ.

ಮೂರೇ ವರ್ಷ ಹಿಂದಕ್ಕೆ ಹೋಗಿ. 1873–74. ಬಿಹಾರದಲ್ಲಿ ಬರ. ಅಲ್ಲಿನ ಪರಿಹಾರದ ಹೊಣೆ ಹೊತ್ತವನು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ. ಅವನು ಬರ್ಮಾದಿಂದ ಸುಮಾರು ನಾಲ್ಕೂವರೆ ಲಕ್ಷ ಟನ್ ಅಕ್ಕಿ ತರಿಸಿದ. ಹಳ್ಳಿ ಹಳ್ಳಿಗೆ ಮುಟ್ಟಿಸಿದ. ಹಸಿವಿನ ಸಾವು ತೀರಾ ಕಡಿಮೆ. ಹೊಗಳಿದರಾ? ಇಲ್ಲ ಸ್ವಾಮಿ, ಬೈದರು! ಇಷ್ಟೊಂದು ದುಡ್ಡು ಯಾಕೆ ಸುರಿದೆ, ಅಕ್ಕಿ ಉಳಿದುಹೋಯಿತಲ್ಲ ಅಂತ.

1877ರಲ್ಲಿ ವೈಸ್‌ರಾಯ್ ಲಿಟ್ಟನ್ ದಕ್ಷಿಣದ ಬರ ನೋಡಲು ಕಳಿಸಿದ್ದು ಯಾರನ್ನು? ಇದೇ ಟೆಂಪಲ್‌ನನ್ನು. ಒಮ್ಮೆ ಬೈಸಿಕೊಂಡವನು ಈ ಸಲ ಪಾಠ ಕಲಿತಿದ್ದ. ಖರ್ಚು ಕಡಿಮೆ ಮಾಡು ಅನ್ನೋದೇ ಅವನಿಗೆ ಸಿಕ್ಕ ಆದೇಶದ ತಿರುಳು. ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಿಷ್ಟು ಪುಡಿಗಾಸು ಅಂತ ಗೊತ್ತುಮಾಡಿದ. ಒಂದು ಪೌಂಡ್ ಅಂದ್ರೆ 450 ಗ್ರಾಂ. ನಮ್ಮ ಬಳ್ಳಾರಿ ಆಗ ಇದೇ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬರದ ಕೇಂದ್ರದಲ್ಲೇ ಇತ್ತು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್, ಇಷ್ಟರಲ್ಲಿ ದುಡಿಯುವ ಮನುಷ್ಯ ಬದುಕಲಾರ ಅಂತ ಬರೆದು ಬರೆದು ಜಗಳ ಮಾಡಿದ. ಕೆಲವು ತಿಂಗಳ ನಂತರ ಏರಿಸಬೇಕಾಯಿತು. ಆ ಕೆಲವು ತಿಂಗಳಲ್ಲಿ ಹೋದವರು ವಾಪಸ್ ಬರಲಿಲ್ಲ.

ಬರ ಬಿಗಿಯಾಗುತ್ತಿದ್ದಾಗಲೇ, 1877ರ ಜನವರಿ 1ರಂದು, ದೆಹಲಿಯಲ್ಲಿ ದರ್ಬಾರು. ವಿಕ್ಟೋರಿಯಾ ರಾಣಿ ಭಾರತದ ಚಕ್ರವರ್ತಿನಿ ಅಂತ ಘೋಷಣೆ, ಆನೆಗಳ ಮೆರವಣಿಗೆ, ಔತಣ. ಇದೇ ವರ್ಷಗಳಲ್ಲಿ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಬಿಹಾರದ ಬರ, ದಕ್ಷಿಣದ ಬರ ಎರಡೂ ಒಂದೇ ಅಳತೆಯವಲ್ಲ. ನಮ್ಮದು ಹೆಚ್ಚು ಅಗಲ, ಹೆಚ್ಚು ದೀರ್ಘ. ಬಿಹಾರದ ಹಾಗೆ ಖರ್ಚು ಮಾಡಿದ್ದರೂ ಎಲ್ಲರೂ ಉಳಿಯುತ್ತಿರಲಿಲ್ಲವೇನೋ. ಆದರೆ ಎಷ್ಟು ಜನ ಸಾಯಬೇಕು ಅನ್ನೋ ಲೆಕ್ಕದಲ್ಲಿ ಬೆಟ್ಟದ ಪಾಲು ಎಷ್ಟು, ಕಚೇರಿಯ ಪಾಲು ಎಷ್ಟು ಅನ್ನೋದು ಈ ಹೋಲಿಕೆಯಿಂದ ಗೊತ್ತಾಗುತ್ತೆ. ಮಳೆ ಬರದೇ ಇದ್ದದ್ದು ಬರ. ಅನ್ನ ಬರದೇ ಇದ್ದದ್ದು ಕ್ಷಾಮ. ಮೊದಲನೆಯದಕ್ಕೆ ಘಟ್ಟವನ್ನೂ ಸಮುದ್ರವನ್ನೂ ಕೇಳಬಹುದು. ಎರಡನೆಯದಕ್ಕೆ ಮನುಷ್ಯರನ್ನೇ ಕೇಳಬೇಕು.

ಈ ಕಥೆಯಲ್ಲಿ ನನ್ನ ವೃತ್ತಿಯ ಒಬ್ಬ ಮನುಷ್ಯ ಇದ್ದಾನೆ. ಹೆಸರು ವಿಲಿಯಂ ಡಿಗ್ಬಿ. ಮದ್ರಾಸ್ ಟೈಮ್ಸ್ ಪತ್ರಿಕೆಯ ಸಂಪಾದಕ. ಇಂಗ್ಲಿಷರವನೇ. ಆದರೆ ಬರದ ಸುದ್ದಿಯನ್ನು ಬಿಡದೆ ಬರೆದ. ಇಂಗ್ಲೆಂಡಿನಲ್ಲಿ ಜನರಿಂದ ಎತ್ತಿದ ಪರಿಹಾರ ನಿಧಿಯ ಕೆಲಸಕ್ಕೂ ನಿಂತ. 1878ರಲ್ಲಿ ದಕ್ಷಿಣ ಭಾರತದ ಈ ಕ್ಷಾಮದ ಬಗ್ಗೆ ಎರಡು ಸಂಪುಟದ ಪುಸ್ತಕ ತಂದ. ಅದೇ ಕಾಲದಲ್ಲಿ ಹೂಪರ್ ಎಂಬ ಸೈನ್ಯಾಧಿಕಾರಿ ತೆಗೆದ ಫೋಟೋಗಳು ಇವತ್ತಿಗೂ ಉಳಿದಿವೆ. ಎಲುಬು ಎಣಿಸಬಹುದಾದ ಮಕ್ಕಳು, ಮುದುಕರು, ಕ್ಯಾಮೆರಾ ಕಡೆ ನೋಡುತ್ತಾ ಕೂತಿದ್ದಾರೆ. ಆ ಫೋಟೋ ನೋಡುವಾಗಲೆಲ್ಲ ನನಗೊಂದು ಕಸಿವಿಸಿ. ತೆಗೆದವನು ಅವರಿಗೆ ಅನ್ನ ಹಾಕಿದನೋ ಇಲ್ಲವೋ ಅನ್ನೋ ಪ್ರಶ್ನೆ ಆಗಲೇ ಎದ್ದಿತ್ತಂತೆ. ಕ್ಯಾಮೆರಾ ಹಿಡಿದವರಿಗೆಲ್ಲ ಆ ಪ್ರಶ್ನೆ ಇದೆ. ನನಗೂ ಇದೆ. ಆದರೂ ಒಂದು ಮಾತು ಒಪ್ಪಬೇಕು, ಅವು ಇರದಿದ್ದರೆ ಆ ಜನ ಜನಗಣತಿಯ ಕಳೆಯುವ ಲೆಕ್ಕದಲ್ಲಿ ಮಾತ್ರ ಉಳಿಯುತ್ತಿದ್ದರು.

ಸತ್ತವರ ಮೇಲೆ ಪಾಠವೂ ಹುಟ್ಟಿತು. 1880ರಲ್ಲಿ ಕ್ಷಾಮ ಆಯೋಗ ವರದಿ ಕೊಟ್ಟಿತು, ಅದರಿಂದ ಕ್ಷಾಮ ಸಂಹಿತೆಗಳು ಬಂದವು. ಬರ ಬಂದರೆ ಅಧಿಕಾರಿ ಏನು ಮಾಡಬೇಕು ಅನ್ನೋ ಲಿಖಿತ ನಿಯಮ ಅದು. ಬೆಂಗಳೂರು–ಮೈಸೂರು ರೈಲು ಮಾರ್ಗ ಶುರುವಾಗಿದ್ದು ಈ ಬರದ ಪರಿಹಾರ ಕಾಮಗಾರಿಯಾಗಿ. ನೀವು ವಾರಾಂತ್ಯಕ್ಕೆ ಮೈಸೂರಿಗೆ ಹೋಗುವ ರೈಲಿನ ದಾರಿಗೆ ಮಣ್ಣು ಹೊತ್ತವರು ಹಸಿದವರು.

ಮತ್ತೆ ನಮ್ಮ ಕಡೆಗೆ ಬನ್ನಿ. ಬಾಬಾಬುಡನ್‌ಗಿರಿ ಕಡೆಯ ಬೆಟ್ಟಗಳಲ್ಲಿ ಹುಟ್ಟುವ ವೇದಾವತಿ ನದಿ ಪೂರ್ವಕ್ಕೆ ಹರಿದು ಹಿರಿಯೂರು ಸೀಮೆಗೆ ಬರುತ್ತೆ. ಗಾಳಿ ತರದ ನೀರನ್ನು ನದಿ ತರುತ್ತೆ ಅಂದ್ಕೊಳ್ಳಿ. ಹಿರಿಯೂರಿನ ಹತ್ತಿರ ಎರಡು ಗುಡ್ಡದ ನಡುವೆ ಅದಕ್ಕೊಂದು ಇಕ್ಕಟ್ಟಾದ ಬಾಗಿಲು, ಮಾರಿಕಣಿವೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅಲ್ಲಿ ಅಣೆಕಟ್ಟೆ ಶುರುವಾಯಿತು, 1907ರಲ್ಲಿ ಮುಗಿಯಿತು. ಕೆಲಸ ಶುರುವಾದ ಹೊತ್ತಿನಲ್ಲಿ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಮಹಾರಾಣಿಯ ಹೆಸರಿನಲ್ಲಿ ಅದು ವಾಣಿ ವಿಲಾಸ ಸಾಗರ. ಸುಮಾರು 30 ಟಿಎಂಸಿ ಸಾಮರ್ಥ್ಯ, 130 ಅಡಿ ನೀರಿನ ಮಟ್ಟ.

ಈಗ ನೋಡಿ ನೆರಳಿನ ಕರಾಮತ್ತು. ಅದು 1933ರಲ್ಲಿ ತುಂಬಿತು. ಮತ್ತೆ ಯಾವಾಗ? 2022ರಲ್ಲಿ. 89 ವರ್ಷ! ಮೂರನೇ ಸಲ 2025ರ ಜನವರಿಯಲ್ಲಿ. ಇತ್ತೀಚೆಗೆ ತುಂಬಿದ್ದರಲ್ಲಿ ಘಟ್ಟದ ಕಡೆಯಿಂದ ಎತ್ತಿ ತಂದ ಭದ್ರಾ ನೀರಿನ ಪಾಲೂ ಇದೆ. 2022ರಲ್ಲಿ ಕೋಡಿ ಬಿದ್ದಾಗ ನಾನು ಕ್ಯಾಮೆರಾ ತಂಡದ ಜೊತೆ ಅಲ್ಲಿದ್ದೆ. ದೊಡ್ಡಪ್ಪನೂ ಬಂದಿದ್ದರು, ಬಿಳೀ ಪಂಚೆ ಉಟ್ಟು, ಮದುವೆಗೆ ಬಂದ ಹಾಗೆ. ಮಾತಾಡಿಸೋಣ ಅಂತ ಮೈಕ್ ಹಿಡಿದೆ. “ನಮ್ಮಪ್ಪ ನೋಡಿದ್ನಂತೆ. ಈಗ ನಾ ನೋಡ್ದೆ” ಅಂದರು. ಅಷ್ಟೇ ಹೇಳಿ ಸುಮ್ಮನಾದರು. ನಾನೂ ಮುಂದಿನ ಪ್ರಶ್ನೆ ಕೇಳಲಿಲ್ಲ.

ಮಾರನೇ ವರ್ಷವೇ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಮಳೆ ನೆರಳಿನಾಚೆಯ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಅದೂ ಎಲ್ ನಿನೋ ವರ್ಷವೇ. ಸಾಲ ಬಂತು, ಗುಳೆ ಬಂತು, ಟ್ಯಾಂಕರ್ ಬಂತು, ರೈತರ ಆತ್ಮಹತ್ಯೆಯ ಸುದ್ದಿಯನ್ನೂ ಓದಿದೆ. ಯಾವುದೂ ಸಣ್ಣದಲ್ಲ. ಆದರೆ ಐದರಲ್ಲಿ ಒಬ್ಬರು ಹಸಿವಿನಿಂದ ಸಾಯಲಿಲ್ಲ. ಯಾಕೆ? ಪಡಿತರ ಅಂಗಡಿ ಇತ್ತು, ರಸ್ತೆ ಇತ್ತು, ಉದ್ಯೋಗ ಖಾತರಿ ಇತ್ತು, ಕೇಳಿದರೆ ಉತ್ತರ ಕೊಡಬೇಕಾದ ಶಾಸಕ ಇದ್ದ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಬಹಳ ವರ್ಷಗಳಿಂದ ಹೇಳುತ್ತಿರುವ ಮಾತೂ ಇದೇ. ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಆಗುವುದಿಲ್ಲ.

ಪತ್ರಿಕೆ ಅನ್ನೋ ಪದ ಬಂದಾಗ ನಾನು ನನ್ನ ಕಡೆ ನೋಡಿಕೊಳ್ಳಬೇಕಾಗುತ್ತೆ. ಮಳೆ ಬಂದರೆ ನಮಗೆ ದೃಶ್ಯ ಸಿಗುತ್ತೆ. ಮಳೆ ಬರದಿದ್ದರೆ ಏನು ತೋರಿಸುವುದು? ಬಾರದ ಮಳೆಗೆ ಸದ್ದಿಲ್ಲ. ಒಣ ನೆಲ ನಿನ್ನೆಯ ಹಾಗೇ ಇವತ್ತೂ ಇರುತ್ತೆ. ಘಟ್ಟ ಮಳೆಯನ್ನು ಒಂದು ಕಡೆ ಸುರಿದ ಹಾಗೆ, ನಮ್ಮ ಕ್ಯಾಮೆರಾಗಳೂ ಸುದ್ದಿಯನ್ನು ಒಂದೇ ಕಡೆ ಸುರಿಯುತ್ತವೆ. ಬೆಟ್ಟಕ್ಕೆ ಬೇರೆ ದಾರಿ ಇಲ್ಲ. ನಮಗೆ ಇದೆ.

ದೊಡ್ಡಪ್ಪನ ಫೋನ್ ಬಂದ ಮಾರನೇ ದಿನ ಸಂಪಾದಕೀಯ ಸಭೆಯಲ್ಲಿ ಈ ವಿಷಯ ಎತ್ತಿದೆ. ಸ್ವಲ್ಪ ವಾದ ಆಯ್ತು. ಒಣ ಹೊಲ ಯಾರು ನೋಡ್ತಾರೆ ಅಂದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಆ ರಾತ್ರಿ ಒಂಬತ್ತಕ್ಕೆ ಸ್ಕ್ರೀನ್ ಎರಡು ಭಾಗ. ಎಡಕ್ಕೆ ಆಗುಂಬೆ, ಬಲಕ್ಕೆ ಚಳ್ಳಕೆರೆ. ಒಂದು ಕಡೆ ಕೊಡೆ, ಇನ್ನೊಂದು ಕಡೆ ದೂಳು. ಕೆಳಗೆ ದೊಡ್ಡ ಅಕ್ಷರದಲ್ಲಿ ಎರಡೂ ಊರಿನ ಆ ದಿನದ ಮಳೆಯ ಅಳತೆ. ಚಳ್ಳಕೆರೆಯ ಎದುರಿಗೆ ಸೊನ್ನೆ.

ಬುಲೆಟಿನ್ ಮುಗಿದ ಮೇಲೆ ಫೋನ್ ನೋಡಿದೆ. ದೊಡ್ಡಪ್ಪ ಮಾಡಿರಲಿಲ್ಲ. ನಾನೇ ಮಾಡಿದೆ.

“ನೋಡಿದ್ರಾ ದೊಡ್ಡಪ್ಪ?”

“ನೋಡ್ದೆ ಬಿಡಪ್ಪ. ನಮ್ಮೂರೂ ಕರ್ನಾಟಕದಾಗೈತೆ ಅಂತ ಗೊತ್ತಾತು. ಉತ್ತರೆ ಮಳೆ ಟೈಮಿಗೂ ಹಿಂಗೇ ತೋರ್ಸು, ಮರೀಬ್ಯಾಡ.”

ಮರೆಯಲ್ಲ ಅಂತ ಮಾತು ಕೊಟ್ಟಿದ್ದೀನಿ. ನಿಮ್ಮೆಲ್ಲರ ಮುಂದೆ ಇದನ್ನು ಹೇಳ್ತಾ ಇರೋದೂ ಅದಕ್ಕೇ. ಸೆಪ್ಟೆಂಬರ್‌ನಲ್ಲಿ ನಾನು ಮರೆತರೆ ನೀವು ಫೋನ್ ಮಾಡಿ.